ತೂತಿನವರು, ತೂತಿಲ್ಲದವರು

ಅಮೆರಿಕದ ಮಿಸೌರಿ ರಾಜ್ಯದ ಓಝಾರ್ಕ್ ಗುಡ್ಡಗಳ ಸಂದಿನಲ್ಲಿರುವ ಪ್ರೂಯಿಟ್ ಫೋರ್ಕ್ ಎಂಬ ಊರಿನಲ್ಲಿ ವೆರ್ಲಿನ್ ಸ್ಟಾಗ್ಸ್‌ಡಿಲ್ ಬಂದೂಕಿನ ಅಂಗಡಿ ಇಟ್ಟುಕೊಂಡಿದ್ದ. ಒಳ್ಳೆಯ ಮನುಷ್ಯ. ತೂಕದಲ್ಲಿ, ಲೆಕ್ಕದಲ್ಲಿ, ಹಳೇ ಸಾಮಾನನ್ನು ಹೊಸದೆಂದು ಮಾರುವುದರಲ್ಲಿ ಎಂದೂ ಯಾರಿಗೂ ಮೋಸ ಮಾಡಿದವನಲ್ಲ. ಅವನಿಗಿದ್ದ ತೊಂದರೆ ಒಂದೇ: ಎದುರಿಗೆ ನಿಂತವರ ಮುಖ ನೋಡಿಕೊಂಡು 'ಇಲ್ಲ' ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಪಾದ್ರಿ ಬಂದು ಈ ವರ್ಷ ಚಳಿ ಕಮ್ಮಿ ಎಂದರೆ ಹೌದೌದು ಎನ್ನುವನು. ಅವರು ಬಾಗಿಲು ದಾಟುವಷ್ಟರಲ್ಲಿ ಇನ್ನೊಬ್ಬರು ಬಂದು ಇಂಥ ಚಳಿ ಕಂಡಿಲ್ಲ ಎಂದರೆ ಅದಕ್ಕೂ ಹೌದೌದು. ಅಷ್ಟು ವರ್ಷ ಇದರಿಂದ ಯಾರಿಗೂ ಕೆಡುಕಾಗಿರಲಿಲ್ಲ.

ಆ ಬೇಸಿಗೆಯಲ್ಲಿ ಕಂಪನಿಯ ಏಜೆಂಟನೊಬ್ಬ ಬಂದು, ನಳಿಗೆಯ ಮೇಲ್ಭಾಗದಲ್ಲಿ ತೂತು ಕೊರೆದ ಪುಟ್ಟ ಪಿಸ್ತೂಲುಗಳನ್ನು ತೋರಿಸಿದ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಚಿಕ್ಕವು. ವೆರ್ಲಿನ್‌ಗೆ ಬೇಡವಾಗಿತ್ತು. ಆದರೆ ಏಜೆಂಟ ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬಂದಿದ್ದ, ಅವನ ಅಂಗಿಯ ಬೆನ್ನೆಲ್ಲ ಬೆವರಿನಲ್ಲಿ ನೆಂದಿತ್ತು. ವೆರ್ಲಿನ್ ಒಂದು ಪೆಟ್ಟಿಗೆ ತುಂಬ ಇಳಿಸಿಕೊಂಡ.

"ಮಾರಾಟ ಆಗುತ್ತಾ ಇದು?" ಎಂದಳು ಹೆಂಡತಿ ನೆಡೀನ್. ಅಂಗಡಿಯ ಹಿಂಭಾಗವೇ ಅವರ ಮನೆ.

"ಆಗುತ್ತೆ ಬಿಡು."

"ಯಾರು ತಗೋತಾರೆ?"

ಅವನು ಗಾಜು ಒರೆಸತೊಡಗಿದ. ಗಾಜಿನ ಪೆಟ್ಟಿಗೆಯಲ್ಲಿ ಅವು ವಾರಗಟ್ಟಲೆ ಮಲಗಿದ್ದವು.

ಒಂದು ಬೆಳಿಗ್ಗೆ ಕೋಚ್ ರಾಯ್ಸ್ ಹೆಂಬ್ರಿ ಬಂದರು. ಹೈಸ್ಕೂಲಿನ, ಒಬ್ಬರನ್ನೊಬ್ಬರು ಕೆಡವಿ ಆಡುವ ಅಲ್ಲಿನ ಫುಟ್‌ಬಾಲ್ ತಂಡಕ್ಕೆ ಒಂದು ತಲೆಮಾರು ಪೂರ್ತಿ ತರಬೇತಿ ಕೊಟ್ಟು ನಿವೃತ್ತರಾದವರು. ಊರಿನ ಗಂಡಸರಲ್ಲಿ ಮುಕ್ಕಾಲು ಪಾಲು ಅವರ ಕೈಯಲ್ಲಿ ಬೈಸಿಕೊಂಡವರೇ. ವೆರ್ಲಿನ್ ಕೂಡ ಆ ತಂಡದಲ್ಲಿದ್ದ. ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತದ್ದು ಹೆಚ್ಚು. ಈಗಲೂ ಕೋಚ್ ಅಂಗಡಿಗೆ ಕಾಲಿಟ್ಟರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

"ಏನೋ ಇದು, ಕೊಳಲಾ?" ಎಂದರು ಕೋಚ್, ಗಾಜಿನ ಮೇಲೆ ಬೆರಳು ಕುಟ್ಟುತ್ತ.

ವೆರ್ಲಿನ್ ಒಂದನ್ನು ತೆಗೆದು ಬಟ್ಟೆಯ ಮೇಲಿಟ್ಟ. "ಪುಟ್ಟ ಪಿಸ್ತೂಲು ಅಂದ್ರೆ ಹಗುರ ಅಲ್ವಾ ಕೋಚ್. ಹಗುರ ಅಂದ್ರೆ ಗುಂಡು ಹಾರಿದ ಕೂಡ್ಲೇ ಮೂತಿ ಮೇಲಕ್ಕೆ ಎಗರುತ್ತೆ. ಅದು ಕೆಳಗಿಳಿಯೋ ತನಕ ಎರಡನೇ ಗುಂಡು ಹೊಡೆಯೋ ಹಾಗಿಲ್ಲ. ಇದರಲ್ಲಿ ಹೊಗೆ, ಬಿಸಿ ಗಾಳಿ ಎಲ್ಲ ಈ ತೂತಿಂದ ಮೇಲಕ್ಕೆ ನುಗ್ಗುತ್ತೆ. ಆ ಒತ್ತಡಕ್ಕೆ ಮೂತಿ ಬಗ್ಗಿಕೊಂಡೇ ಇರುತ್ತೆ. ಟಪ್ ಟಪ್ ಅಂತ ಎರಡು ಹೊಡೀಬಹುದು."

"ಅಂದ್ರೆ ಎದುರಾಳಿ ಏಳೋಕೆ ಮುಂಚೆ ಇನ್ನೊಂದು ಸಲ ಕೆಡವೋದು."

"ಹೌದೌದು ಕೋಚ್, ಅದೇ."

ಕೋಚ್ ಊರಾಚೆಯ ಜಲ್ಲಿಗುಂಡಿಗೆ ಹೋಗಿ ಹೊಡೆದು ನೋಡಿದರು. ಕಾಗದದ ಮೇಲೆ ಎರಡು ಗುಂಡು ಅಕ್ಕಪಕ್ಕ ಕೂತವು. ಅದು ಅವರ ಜೀವಮಾನದಲ್ಲಿ ಮೊದಲ ಸಲ. ಆ ಕಾಗದವನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡು, ಬೆಳಗಿನ ಉಪಾಹಾರದ ಹೋಟೆಲಿನಲ್ಲಿ ಮೆತ್ತನೆಯ ಬನ್ನಿನಂಥ ಬಿಸ್ಕಿಟ್ ಮತ್ತು ಗ್ರೇವಿಯ ತಟ್ಟೆಗಳ ನಡುವೆ ಬಿಡಿಸಿ ಹರಡಿದರು. ಮುಂದಿನ ವಾರದಿಂದ ಅವರ ಹಳೇ ಆಟಗಾರರು ಒಬ್ಬರ ಹಿಂದೆ ಒಬ್ಬರು ಅಂಗಡಿಗೆ ಬರತೊಡಗಿದರು. ತೂತಿಲ್ಲದ ಪಿಸ್ತೂಲು ಇಟ್ಟುಕೊಂಡವನು ಗಂಡಸೇ ಅಲ್ಲ ಎಂಬಲ್ಲಿಗೆ ಮಾತು ಬೆಳೆಯಿತು. ಅಂಚೆ ಕಚೇರಿ ನಡೆಸಿ ನಿವೃತ್ತಳಾದ ಮಿಸ್ ಲೂವೆಲ್ಲಾ ಫ್ಯಾಂಚರ್ ಕೂಡ ಒಂದು ಕೊಂಡಳು. ಅವಳಿಗೆ ಗಂಡಸುತನದ ಚಿಂತೆ ಇರಲಿಲ್ಲ. ಹಿಂದಿನ ಚಳಿಗಾಲ ಹಿಮದ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು, ಹಳೇ ಪಿಸ್ತೂಲು ಒದೆದಾಗಲೆಲ್ಲ ನೋವು ಮೊಣಕೈವರೆಗೆ ಹತ್ತುತ್ತಿತ್ತು.

ವೆರ್ಲಿನ್ ಇನ್ನೊಂದು ಪೆಟ್ಟಿಗೆ ತರಿಸಿದ, ಮತ್ತೊಂದು ತರಿಸಿದ. ಆಗ ಹೊಸ ತಾಪತ್ರಯ ಹುಟ್ಟಿತು. ಮೊದಲಿಂದ ಇದ್ದ ಸಾದಾ ಪಿಸ್ತೂಲುಗಳನ್ನು ಯಾರೂ ತಿರುಗಿಯೂ ನೋಡುತ್ತಿರಲಿಲ್ಲ.

ಹೀಗಿರುವಾಗ ಓರಿನ್ ಕ್ಲಾಬೋ ಬಂದ. ಊರಿನಲ್ಲಿ ಸತ್ತವರನ್ನೆಲ್ಲ ತೊಳೆದು, ಸೂಟು ತೊಡಿಸಿ, ಪೆಟ್ಟಿಗೆಯಲ್ಲಿ ಮಲಗಿಸಿ, ಮಣ್ಣಿಗೆ ಒಪ್ಪಿಸುವ ವ್ಯವಹಾರ ಅವನದು. ಸದಾ ಕಪ್ಪು ಕೋಟು. ಉಪ್ಪು ಕೊಡಿ ಎಂದು ಕೇಳಿದರೂ ಸಂತಾಪ ಹೇಳಿದ ಹಾಗಿರುವ ಮೆತ್ತನೆಯ ದನಿ.

"ಕೋಟಿನ ಒಳಗಿಟ್ಟುಕೊಳ್ಳೋಕೆ ಚಿಕ್ಕದೊಂದು ಬೇಕಿತ್ತು ವೆರ್ಲಿನ್. ಆದರೆ ರಾಯ್ಸ್ ಕೂಗಾಡ್ತಾ ಇರೋ ಆ ತೂತಿನದು... ನನಗೆ ಯಾಕೋ ಮನಸ್ಸು ಒಪ್ತಾ ಇಲ್ಲ."

ವೆರ್ಲಿನ್ ಅವನ ಮುಖ ನೋಡಿದ. ಒಪ್ಪದ ಮನಸ್ಸು ಮುಖದಲ್ಲಿ ಎದ್ದು ಕಾಣುತ್ತಿತ್ತು. ಪಕ್ಕದಲ್ಲೇ ಸಾದಾ ಪಿಸ್ತೂಲುಗಳ ಸಾಲೂ ಕಾಣುತ್ತಿತ್ತು.

"ಒಪ್ಪದೆ ಇರೋದೇ ಸರಿ ಓರಿನ್," ಎಂದ. "ಮೊದಲೇ ಗೇಣುದ್ದ ಇಲ್ಲದ ನಳಿಗೆ. ಅದಕ್ಕೂ ತೂತು ಕೊರೆದ್ರೆ ಗುಂಡಿನ ವೇಗ ಒಂಚೂರು ಕಮ್ಮಿ ಆಗದೆ ಇರುತ್ತಾ? ಕತ್ತಲಲ್ಲಿ ಹೊಡೆದ್ರೆ ಬೆಂಕಿ ಮೇಲಕ್ಕೆ ಚಿಮ್ಮಿ ಕಣ್ಣಿಗೆ ರಾಚುತ್ತೆ. ಸದ್ದೋ, ಕಿವಿ ಹರಿದುಹೋಗುತ್ತೆ. ಮುಂದಿನ ಗುರಿಕಡ್ಡಿಗೆಲ್ಲ ಮಸಿ ಹಿಡಿಯುತ್ತೆ. ಇನ್ನು ಯಾರಾದ್ರೂ ಮೈಮೇಲೇ ಬಿದ್ದ ಅಂತ ಹೊಟ್ಟೆ ಹತ್ರ ಹಿಡಿದು ಹೊಡೆದ್ರೆ, ಆ ಬಿಸಿಯೆಲ್ಲ ನಿನ್ನ ಗದ್ದಕ್ಕೇ."

ಓರಿನ್ ಹ್ಯಾಟು ತೆಗೆದು ಎದೆಗೆ ಹಿಡಿದ. ಆಮೇಲೆ, "ಎಷ್ಟು ಜನ ಪಾಪ, ಗೊತ್ತಿಲ್ಲದೆ ಕೊಂಡಿದಾರೆ," ಎಂದು ನಿಟ್ಟುಸಿರು ಬಿಟ್ಟು, ಸಾದಾ ಪಿಸ್ತೂಲು ಕೊಂಡ.

ಅವನೂ ಸುಮ್ಮನೆ ಕೂರಲಿಲ್ಲ. ಸಾವಿನ ಮನೆಗೆ ಹೋದಲ್ಲೆಲ್ಲ, ಅಡುಗೆಮನೆಯಲ್ಲಿ ಕಾಫಿ ಹಿಡಿದು ನಿಂತ ಗಂಡಸರ ಕಿವಿಗೆ ವಿಷಯ ಹಾಕಿದ. "ಕತ್ತಲ ಓಣಿಯಲ್ಲಿ ಒಂದು ಗುಂಡು ಹೊಡೀತೀರಿ. ಕಣ್ಣು ಕುರುಡಾಗುತ್ತೆ. ಎರಡನೇದು ಎಲ್ಲಿಗೆ ಹೊಡೀತೀರಿ? ಆಮೇಲೆ ನೀವು ನನ್ನ ಹತ್ರಾನೇ ಬರಬೇಕು." ಆ ದನಿಯಲ್ಲಿ ಈ ಮಾತು ಕೇಳಿದವರು ಕಾಫಿ ಅಲ್ಲೇ ಬಿಟ್ಟು ನೆಟ್ಟಗೆ ವೆರ್ಲಿನ್‌ನ ಅಂಗಡಿಗೆ ಬರುತ್ತಿದ್ದರು. ಪ್ರೂಯಿಟ್ ಫೋರ್ಕ್‌ನಲ್ಲಿ ಓಣಿಯೇ ಇಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಇದ್ದದ್ದು ಒಂದು ಬೀದಿ, ಅದರ ಎರಡು ಕಡೆ ಹುಲ್ಲುಗಾವಲು. ಆ ಊರಿನಲ್ಲಿ ಕೊನೆಯ ಸಲ ಯಾರಾದರೂ ಸಿಟ್ಟಿನಿಂದ ಗುಂಡು ಹೊಡೆದದ್ದು ಪೆಟ್ರೋಲ್ ಬಂಕಿನ ಮುಂದಿನ ತಂಪು ಪಾನೀಯದ ಯಂತ್ರಕ್ಕೆ. ಅದು ಚಿಲ್ಲರೆ ನುಂಗಿತ್ತು.

ಚಳಿ ಬೀಳುವ ಹೊತ್ತಿಗೆ ಊರು ಎರಡು ಪಾಲಾಗಿತ್ತು. ಹೋಟೆಲಿನಲ್ಲಿ ಕಿಟಕಿ ಬದಿಯ ಮೇಜು ತೂತಿನವರದು, ಒಲೆಯ ಬದಿಯದು ತೂತಿಲ್ಲದವರದು. ಚರ್ಚಿನಲ್ಲಿ ಹಾಡುವವರೊಳಗೆ ಕೂಡ, ಗಟ್ಟಿ ದನಿಯವರೆಲ್ಲ ಒಂದು ಕಡೆ, ಮೆತ್ತಗಿನವರೆಲ್ಲ ಇನ್ನೊಂದು ಕಡೆ ಸರಿದಿದ್ದರು. ಎರಡು ಕಡೆಯವರೂ ತಮ್ಮ ಮಾತಿಗೆ ಆಧಾರವಾಗಿ ಹೇಳುತ್ತಿದ್ದದ್ದು ಒಂದೇ: "ವೆರ್ಲಿನ್ ಹೇಳಿದಾನೆ ಕಣ್ರೀ. ಅವನಿಗಿಂತ ಗೊತ್ತಿರೋರು ಯಾರಿದಾರೆ?"

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ ಊರಿನ ಬಂದೂಕು ಕ್ಲಬ್ಬು ಗುರಿ ಪಂದ್ಯ ನಡೆಸುವುದು ರೂಢಿ. ಕಾಗದಕ್ಕೆ ಚೆನ್ನಾಗಿ ಹೊಡೆದವರಿಗೆ ಮಂಜುಗಡ್ಡೆಯ ಹಾಗೆ ಗಟ್ಟಿಯಾದ ಒಂದು ಟರ್ಕಿ ಕೋಳಿ. ತೀರ್ಪುಗಾರ ಯಾವಾಗಲೂ ವೆರ್ಲಿನ್. ಈ ಸಲ ಓರಿನ್‌ನ ಕಡೆಯವರು ತಕರಾರು ತೆಗೆದರು: ತೂತು ಕೊರೆದ ನಳಿಗೆ ಅಂದರೆ ಊರುಗೋಲು ಹಿಡಿದು ಓಡಿದ ಹಾಗೆ, ಅದನ್ನು ಪಂದ್ಯದಿಂದ ಹೊರಗಿಡಬೇಕು. ಹೆದರಿದವರು ಹಾಗೇ ಮಾತಾಡೋದು ಎಂದರು ಕೋಚ್. ಪಂದ್ಯದ ಹಿಂದಿನ ವಾರ ಊರವರೆಲ್ಲ ಸೇರಿ ಉಣ್ಣುವ ಚಿಲ್ಲಿ, ಅಂದರೆ ಖಾರದ ಮಾಂಸದ ಸಾರಿನ ಊಟದಲ್ಲಿ ಎಲ್ಲರ ಮುಂದೆ ತೀರ್ಮಾನ ಆಗಲಿ ಎಂದಾಯಿತು.

ಕೋಚ್ ಅಂಗಡಿಗೆ ಬಂದರು. "ಊಟದ ದಿನ ಎದ್ದು ನಿಂತು ಹೇಳ್ತೀಯಲ್ವಾ, ನನಗೆ ಏನ್ ಹೇಳಿದ್ಯೋ ಅದನ್ನೇ?"

"ಹೇಳ್ತೀನಿ ಕೋಚ್."

ಅದೇ ಮಧ್ಯಾಹ್ನ ಓರಿನ್ ಬಂದ. "ನಿನಗೆ ಕಷ್ಟ ಕೊಡಬಾರದು ಅಂತಿದ್ದೆ. ಆದರೆ ಸತ್ಯ ಹೇಳೋಕೆ ಒಬ್ಬರು ಬೇಕಲ್ಲ."

"ಹೇಳ್ತೀನಿ ಓರಿನ್."

ನೆಡೀನ್ ಬಾಗಿಲ ಹಿಂದೆ ಆಲೂಗಡ್ಡೆ ಸುಲಿಯುತ್ತ ಎರಡನ್ನೂ ಕೇಳಿಸಿಕೊಂಡಿದ್ದಳು. ಓರಿನ್‌ನ ಕಾರು ಹೊರಟ ಮೇಲೆ ಚಾಕು ಹಿಡಿದುಕೊಂಡೇ ಈಚೆ ಬಂದಳು.

"ನಿನ್ನ ನಾಲಿಗೆಗೂ ತೂತು ಕೊರೆಸಿದೀಯೇನು? ಯಾವ ಕಡೆ ಬೇಕಾದ್ರೂ ಗಾಳಿ ಹೋಗುತ್ತಲ್ಲ!"

"ಎರಡೂ ನಿಜಾನೇ ನೆಡೀನ್. ನಾನು ಸುಳ್ಳು ಹೇಳಿಲ್ಲ."

"ಸುಳ್ಳು ಹೇಳಿಲ್ಲ ಕಣಪ್ಪಾ. ಒಬ್ಬೊಬ್ಬರಿಗೆ ಅರ್ಧರ್ಧ ಕೊಟ್ಟು ಕಳಿಸಿದೀಯ. ಈಗ ಎರಡು ಅರ್ಧಾನೂ ಒಂದೇ ಸಭೇಲಿ ಸೇರುತ್ತೆ. ಅವತ್ತು ನನ್ನನ್ನ ನಿನ್ನ ಪಕ್ಕ ಕೂರಿಸಬೇಡ."

ಹೇಳಿದ ಹಾಗೆಯೇ ಅವಳು ಆ ದಿನ ಕಡುಬಿನಂಥ ಪೈಗಳನ್ನು ಕತ್ತರಿಸುವ ಹೆಂಗಸರ ಜೊತೆ ದೂರದಲ್ಲಿ ನಿಂತಳು. ಮಾಜಿ ಸೈನಿಕರ ಸಭಾಂಗಣ ಜನರಿಂದ ತುಂಬಿ ತುಳುಕುತ್ತಿತ್ತು. ಚಿಲ್ಲಿಯ ಖಾರಕ್ಕೋ, ಮುಂದೆ ಬರಲಿರುವುದಕ್ಕೋ, ವೆರ್ಲಿನ್‌ನ ಕುತ್ತಿಗೆಯೆಲ್ಲ ಬೆವರು. 

ಕೋಚ್ ಮೈಕು ಹಿಡಿದರು. ಮೈಕಿನ ಅಗತ್ಯ ಅವರಿಗಿರಲಿಲ್ಲ. "ವೆರ್ಲಿನ್, ಎದ್ದೇಳೋ. ತೂತಿದ್ರೆ ಮೂತಿ ಎಗರಲ್ಲ, ಎರಡನೇ ಗುಂಡು ಬೇಗ ಹೊಡೀಬಹುದು ಅಂತ ನನಗೆ ಹೇಳಿದ್ಯೋ ಇಲ್ವೋ?"

"ಹೇಳಿದ್ದೆ ಕೋಚ್."

ತೂತಿನವರು ಮೇಜು ಬಡಿದರು. ಓರಿನ್ ಮೆಲ್ಲಗೆ ಎದ್ದು ನಿಂತ. ಸಭೆ ತಾನಾಗಿ ಸದ್ದಡಗಿತು. "ವೆರ್ಲಿನ್, ಕಣ್ಣಿಗೆ ಬೆಂಕಿ ರಾಚುತ್ತೆ, ಸದ್ದು ಜಾಸ್ತಿ, ಹತ್ತಿರ ಹಿಡಿದ್ರೆ ಗದ್ದ ಸುಡುತ್ತೆ ಅಂತ ನನಗೆ ಹೇಳಿದ್ಯಾ?"

"ಹೇಳಿದ್ದೆ ಓರಿನ್."

ಈ ಸಲ ಯಾರೂ ಮೇಜು ಬಡಿಯಲಿಲ್ಲ. ಹಿಂದಿನಿಂದ ಯಾರೋ, "ಹಾಗಾದ್ರೆ ಯಾವುದಯ್ಯಾ ನಿಜ?" ಎಂದು ಕೂಗಿದರು. ಇನ್ನೊಬ್ಬರು, "ಒಂದು ಹೇಳು! ಎರಡೆರಡು ಹೇಳಬೇಡ!" ಎಂದರು. ವೆರ್ಲಿನ್ ನೆಡೀನ್‌ಳ ಕಡೆ ನೋಡಿದ. ಅವಳು ಪೈ ಕತ್ತರಿಸುವುದರಲ್ಲಿ ಬಹಳ ಮಗ್ನಳಾಗಿದ್ದಳು.

ಆಗ ಮಿಸ್ ಲೂವೆಲ್ಲಾ ಕೂತಲ್ಲಿಂದಲೇ ಕೈಯೆತ್ತಿದಳು. "ಅದೆಲ್ಲ ಇರಲಿ ವೆರ್ಲಿನ್. ನೀನು ಯಾವುದು ಇಟ್ಕೊಂಡಿದೀಯ? ಈಗ, ಸೊಂಟದಲ್ಲಿ?"

ನೂರಾರು ಕಣ್ಣು ಅವನ ಸೊಂಟದ ಮೇಲೆ ಬಿದ್ದವು. ವೆರ್ಲಿನ್‌ಗೆ ಎಲ್ಲಿಗಾದರೂ ಓಡಿಬಿಡಬೇಕು ಅನಿಸಿತು. ಏನಾದರೊಂದು ಹೇಳಿಬಿಡಬಹುದಿತ್ತು. ಆದರೆ ಅವಳ ಮುಖ ನೋಡಿದರೆ ಅಲ್ಲಿ ಇಂಥದೇ ಉತ್ತರ ಬೇಕೆಂಬ ನಿರೀಕ್ಷೆ ಕಾಣಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು, ಅಷ್ಟೆ. ಇಂಥ ಮುಖಕ್ಕೆ ಏನು ಹೇಳಬೇಕೆಂದು ಅವನಿಗೆ ಅಭ್ಯಾಸವಿರಲಿಲ್ಲ.

"ಯಾವುದೂ ಇಲ್ಲ ಮಿಸ್ ಲೂವೆಲ್ಲಾ," ಎಂದುಬಿಟ್ಟ. "ಬಗ್ಗಿದ್ರೆ ಹೊಟ್ಟೆಗೆ ಚುಚ್ಚುತ್ತೆ. ಅದಕ್ಕೆ ಮನೇಲೇ ಬಿಟ್ಟು ಬರ್ತೀನಿ."

ಸಭೆಯಲ್ಲಿ ಯಾರದೋ ಚಮಚ ಕೆಳಗೆ ಬಿತ್ತು. ಒಂದು ಸಲ ಬಾಯಿ ಬಿಟ್ಟಮೇಲೆ ವೆರ್ಲಿನ್‌ಗೆ ನಿಲ್ಲಿಸಲಾಗಲಿಲ್ಲ. "ಎರಡೂ ನಿಜ ಕಣ್ರೀ. ತೂತಿದ್ರೆ ಮೂತಿ ಕಮ್ಮಿ ಎಗರುತ್ತೆ. ಮಿಸ್ ಲೂವೆಲ್ಲಾ ಥರ ಕೈನೋವು ಇರೋರಿಗೆ ಅದು ದೊಡ್ಡ ಉಪಕಾರ. ಸದ್ದು, ಬೆಂಕಿ, ಮಸಿ ಜಾಸ್ತಿ, ಅದೂ ನಿಜ. ಗದ್ದ ಸುಡೋದೂ ನಿಜ. ಆದರೆ ಇಷ್ಟು ಜಗಳ ಆಡೋವಷ್ಟು ವ್ಯತ್ಯಾಸ ಏನಿಲ್ಲ. ಕೋಚ್, ನಿಮ್ಮ ಹುಡುಗರಿಗೆ ಎರಡನೇ ಗುಂಡಿನ ಚಿಂತೆ. ಮೊದಲನೇದೇ ಕಾಗದಕ್ಕೆ ಬೀಳಲ್ಲ. ಓರಿನ್, ನಿನ್ನ ಕಡೆಯವರು ಕತ್ತಲು ಕತ್ತಲು ಅಂತಾರೆ. ಎಂಟು ಗಂಟೆಗೆಲ್ಲ ಮಲಗಿಬಿಡ್ತಾರೆ. ಯಾವುದಾದ್ರೂ ಒಂದು ಇಟ್ಕೊಂಡು ವಾರಕ್ಕೊಂದು ಸಲ ಜಲ್ಲಿಗುಂಡಿಗೆ ಹೋಗಿ ಹೊಡೀರಿ. ಹೊಸದು ಕೊಳ್ಳೋದಕ್ಕಿಂತ ಅದು ಒಳ್ಳೇದು."

ಬಂದೂಕು ಮಾರುವವನ ಬಾಯಲ್ಲಿ ಕೊಳ್ಳಬೇಡಿ ಎಂಬ ಮಾತು!  ಅವನು ಸುಳ್ಳು ಹೇಳಿದ್ದರೆ ಒಂದು ಕಡೆಯವರಾದರೂ ಅವನ ಕೈ ಹಿಡಿಯುತ್ತಿದ್ದರೇನೋ. ಈಗ ತೂತಿನವರೂ ತೂತಿಲ್ಲದವರೂ ಒಟ್ಟಿಗೆ ಕೆಂಪಾದರು.

"ನನ್ನ ಹುಡುಗರ ಬಗ್ಗೆ ಮಾತಾಡ್ತಾನೆ! ಬೆಂಚು ಬಿಸಿ ಮಾಡಿದವನು!" ಎಂದರು ಕೋಚ್.

"ದುಃಖ ಆಗುತ್ತೆ ರಾಯ್ಸ್," ಎಂದ ಓರಿನ್. "ನಿಜವಾಗ್ಲೂ ದುಃಖ ಆಗುತ್ತೆ."

ಬೇಸಿಗೆಯಿಂದ ಮುಖ ನೋಡದ ಇಬ್ಬರೂ ಎಲ್ಲರೆದುರು ಕೈ ಕುಲುಕಿದರು. ಪಂದ್ಯಕ್ಕೆ ಎರಡು ಬಗೆಯ ನಳಿಗೆಗೂ ಅವಕಾಶ ಕೊಡುವುದೆಂದೂ, ವೆರ್ಲಿನ್ ತೀರ್ಪುಗಾರನಾಗಿರತಕ್ಕದ್ದಲ್ಲವೆಂದೂ ಒಕ್ಕೊರಲಿನಿಂದ ತೀರ್ಮಾನವಾಯಿತು. ಅಷ್ಟು ಒಗ್ಗಟ್ಟು ಆ ಸಭಾಂಗಣ ಎಂದೂ ಕಂಡಿರಲಿಲ್ಲ.  ಮನೆಗೆ ಹೋಗುವಾಗ ಕಾರಿನಲ್ಲಿ ನೆಡೀನ್ ಉಳಿದಿದ್ದ ಪೆಕನ್ ಪೈಯ ದೊಡ್ಡ ತುಂಡೊಂದನ್ನು ಕಾಗದದ ತಟ್ಟೆಯಲ್ಲಿ ಅವನ ತೊಡೆಯ ಮೇಲೆ ಇಟ್ಟಳು.

ಪಂದ್ಯದ ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಇಬ್ಬನಿ ಗಟ್ಟಿಯಾಗಿತ್ತು. ವೆರ್ಲಿನ್ ಜನರ ಹಿಂದೆ, ತನ್ನ ಟ್ರಕ್ಕಿಗೆ ಒರಗಿ ನಿಂತಿದ್ದ. ಕೋಚ್ ಟಪ್ ಟಪ್ ಎಂದು ಎರಡು ಹೊಡೆದರು. ಎರಡೂ ಪಕ್ಕದವನ ಕಾಗದಕ್ಕೆ ಹೋದವು. ಓರಿನ್‌ನ ಮೊದಲ ಗುಂಡು ಅಂಚಿಗೆ ತಗುಲಿತು, ಎರಡನೆಯದಕ್ಕೆ ಮೂತಿ ಆಕಾಶ ನೋಡಿತು. ಗುಡ್ಡದ ಮೇಲಿನ ಓಕ್ ಮರದಿಂದ ಒಂದು ಕೊಂಬೆ ಕೆಳಗೆ ಬಿತ್ತು. ಟರ್ಕಿ ಗೆದ್ದವಳು ಮಿಸ್ ಲೂವೆಲ್ಲಾ. ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ, ಆಗಾಗ ಜಲ್ಲಿಗುಂಡಿಗೆ ಬಂದು ಹೊಡೆಯುತ್ತಿದ್ದಳಂತೆ. ನೋಡಿದ್ರಾ, ತೂತಿನ ನಳಿಗೆ ಎಂದರು ಕೋಚ್. ಹಗಲು ಹೊತ್ತಲ್ವಾ, ಬೆಂಕಿ ಕಾಣಲ್ಲ ಎಂದ ಓರಿನ್. ಅವಳು ಇಬ್ಬರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಕಿವಿ ಗುಂಯ್ ಎನ್ನುತ್ತಿತ್ತು.

"ಕೈಗೆ ಹಿತ, ಕಿವಿಗೆ ನರಕ ಮಾರಾಯ," ಎಂದಳು ವೆರ್ಲಿನ್‌ನ ಹತ್ತಿರ ಬಂದು. "ಏನ್ ಮಾಡ್ಲಿ?"

"ಕಿವಿಗೆ ಹತ್ತಿ ಥರದ್ದು ಇರುತ್ತಲ್ಲ, ಅದನ್ನ ಒಳಗಿಡಿ. ಅದರ ಮೇಲೆ ದೊಡ್ಡ ಕಿವಿಮುಚ್ಚಿಗೆ ಹಾಕ್ಕೊಳ್ಳಿ. ಎರಡೂ ಬೇಕು." ಕೇಳಿಸದೆ ಅವಳು ಇನ್ನೊಮ್ಮೆ ಕೇಳಿದಾಗ ಅವನು ಕೂಗಿ ಹೇಳಿದ. ಗೆದ್ದ ಕೋಳಿಯನ್ನು ಅವಳ ಟ್ರಕ್ಕಿಗೆ ಎತ್ತಿಕೊಟ್ಟ.

ಆಮೇಲೆ ಅಂಗಡಿ ಭಣಭಣ. ಕ್ರಿಸ್‌ಮಸ್ಸಿಗೆ ಸ್ವಲ್ಪ ದಿನ ಇರುವಾಗ ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲು ಬಡಿದ ಸದ್ದಾಯಿತು. ಕೋಚ್ ನಿಂತಿದ್ದರು. ಗದ್ದದ ಮೇಲೆ ಪ್ಲಾಸ್ಟರು, ಹುಬ್ಬು ಅರ್ಧ ಮಾಯ.

"ಗಡ್ಡ ಬೋಳಿಸುವಾಗ ಆಯ್ತು," ಎಂದರು, ಯಾರೂ ಕೇಳದಿದ್ದರೂ. ಆಮೇಲೆ ದನಿ ತಗ್ಗಿಸಿ, "ಕೊಟ್ಟಿಗೇಲಿ ಸುಮ್ಮನೆ ಅಭ್ಯಾಸ ಮಾಡ್ತಿದ್ದೆ. ಹೊಟ್ಟೆ ಹತ್ರ ಹಿಡಿದು. ನೋಡು, ಆ ಸಾದಾದು ಒಂದು ಇದೆಯಾ? ನನಗಲ್ಲ. ಹೆಂಡತಿಗೆ."

"ಇದೆ ಕೋಚ್."

"ಯಾರಿಗೂ ಹೇಳಬೇಡ."

ಕೋಚ್ ಪೆಟ್ಟಿಗೆಯನ್ನು ಕೋಟಿನೊಳಗೆ ತುರುಕಿಕೊಂಡು ಅಡುಗೆಮನೆ ದಾಟುತ್ತಿರುವಾಗಲೇ ಹಿತ್ತಿಲ ಬಾಗಿಲು ಮತ್ತೆ ಬಡಿಯಿತು. ತೆರೆದರೆ ಓರಿನ್, ಕೈಯಲ್ಲಿ ಹ್ಯಾಟು. "ವೆರ್ಲಿನ್, ತೂತಿನದೊಂದು ಬೇಕಿತ್ತು. ನನ್ನ ತಂಗಿ ಮಗನಿಗೆ," ಎಂದು ತನ್ನ ಮೆತ್ತನೆಯ ದನಿಯಲ್ಲಿ ಹೇಳಿ ಮುಗಿಸಿದ ಮೇಲೆ ಅವನಿಗೆ ಫ್ರಿಜ್ಜಿನ ಪಕ್ಕ ನಿಂತ ಕೋಚ್ ಕಂಡರು.

ಒಲೆಯ ಮೇಲೆ ಬೀನ್ಸು ಕುದಿಯುತ್ತಿತ್ತು. ಕೋಚ್‌ರ ಕೋಟು ಎದೆಯ ಹತ್ತಿರ ಚೌಕಾಕಾರವಾಗಿ ಉಬ್ಬಿತ್ತು. ಓರಿನ್ ಆ ಉಬ್ಬನ್ನು ನೋಡಿದ, ಗದ್ದದ ಪ್ಲಾಸ್ಟರನ್ನು ನೋಡಿದ.

"ತುಂಬ ನೋವಾಯ್ತಾ ರಾಯ್ಸ್?"

"ಬ್ಲೇಡು ಹಳೇದು."

"ಬ್ಲೇಡು ಯಾವಾಗ್ಲೂ ಹೊಸದಿರಬೇಕು."

"ಹೂಂ. ನಿನ್ನ ತಂಗಿಗೆ ಮಗ ಇದಾನೆ ಅಂತ ನನಗೆ ಗೊತ್ತಿರಲಿಲ್ಲ."

"ಇದಾನೆ," ಎಂದ ಓರಿನ್. "ದೂರದಲ್ಲಿದಾನೆ."

ನೆಡೀನ್ ಇಬ್ಬರಿಗೂ ಕುರ್ಚಿ ಎಳೆದು ಬೀನ್ಸು ಬಡಿಸಿದಳು. ಇಬ್ಬರೂ ಕೋಟು ಬಿಚ್ಚದೆ, ಹವಾಮಾನದ ಬಗ್ಗೆ ಬಹಳ ಗಂಭೀರವಾಗಿ ಮಾತಾಡುತ್ತ ಉಂಡು, ಸ್ವಲ್ಪ ಬಿಟ್ಟು ಬಿಟ್ಟು ಒಬ್ಬೊಬ್ಬರಾಗಿ ಹೊರಟರು. ಅವರ ಕಾರುಗಳ ಸದ್ದು ದೂರವಾದ ಮೇಲೆ ನೆಡೀನ್ ಸಿಂಕಿಗೆ ಒರಗಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ವೆರ್ಲಿನ್‌ಗೆ ನಗು ಬಂತಾದರೂ ಪೂರ್ತಿ ಬರಲಿಲ್ಲ.  ಮೊದಲ ದಿನವೇ ಇನ್ನರ್ಧ ಹೇಳಿದ್ದರೆ ಕೋಚ್‌ರ ಹುಬ್ಬು ಅಲ್ಲೇ ಇರುತ್ತಿತ್ತು.

ಹೊಸ ವರ್ಷ ಕಳೆದು ವೆರ್ಲಿನ್ ಹೆದರಿಕೊಂಡೇ ಹೋಟೆಲಿಗೆ ಕಾಲಿಟ್ಟ. ಯಾರೂ ಓಡಿಸಲಿಲ್ಲ. ಕಿಟಕಿಯ ಮೇಜಿನಲ್ಲಿ ಕೋಚ್, ಅರ್ಧ ಬೆಳೆದ ಹುಬ್ಬು ಹಾರಿಸುತ್ತ, ತೂತಿಲ್ಲದ ನಳಿಗೆ ಹೆಂಗಸರಿಗೆ ಸರಿ ಎನ್ನುತ್ತಿದ್ದರು; ಅವರ ಸೊಂಟದಲ್ಲಿದ್ದದ್ದು ಸಾದಾ ಪಿಸ್ತೂಲು. ಒಲೆಯ ಬದಿಯಲ್ಲಿ ಓರಿನ್ ಹೊಸಬನೊಬ್ಬನಿಗೆ ಕತ್ತಲ ಓಣಿಯ ಬಗ್ಗೆ ವಿವರಿಸುತ್ತಿದ್ದ; ಅವನ ಕಪ್ಪು ಕೋಟಿನೊಳಗೆ ತೂತಿನದಿತ್ತು. ಇಬ್ಬರ ದನಿಯಲ್ಲೂ ಒಂದಿಷ್ಟೂ ಅಳುಕಿರಲಿಲ್ಲ.

ವೆರ್ಲಿನ್ ಎರಡು ಮೇಜಿಗೂ ಸೇರದ ಬಾಗಿಲ ಪಕ್ಕದ ಕುರ್ಚಿ ಹಿಡಿದ. ಅವನು ಗ್ರೇವಿಯಲ್ಲಿ ಅದ್ದಿದ ಬಿಸ್ಕಿಟನ್ನು ಇನ್ನೇನು ಬಾಯಿಗಿಡಬೇಕು, ಕೋಚ್ ಆ ಕಡೆಯಿಂದ ಕೂಗಿದರು: "ಅಲ್ವೇನೋ ವೆರ್ಲಿನ್? ನೀನೇ ಹೇಳು!"

ಒಲೆಯ ಕಡೆಯಿಂದ ಓರಿನ್ ಕೂಡ ತಿರುಗಿ ನೋಡಿದ.

ವೆರ್ಲಿನ್ ಆ ಬಿಸ್ಕಿಟನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡು, ನಿಧಾನವಾಗಿ, ಬಹಳ ಹೊತ್ತು ಜಗಿಯತೊಡಗಿದ.